ಎಂಟೂ ದೀಪ ಹತ್ತಿದ ಮೇಲೂ

"ಲೈಟ್ ಹತ್ತೇದ್ರೀ, ಆದ್ರ ನೆಟ್ ಭಾಳ ಸ್ಲೋ." ನವನಗರದ ಮನೆಗಳಿಂದ ಕೇಬಲ್ ರಿಪೇರಿಯವರಿಗೆ ಹೋಗುವ ಫೋನುಗಳಲ್ಲಿ ಕೇಳಿಬರುವ ದೂರು ಹೆಚ್ಚುಕಡಿಮೆ ಇಷ್ಟೇ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ಈ ಊರಲ್ಲಿ ಕಾನೂನು ವಿಶ್ವವಿದ್ಯಾಲಯವಿದೆ, ಕ್ಯಾನ್ಸರ್ ಆಸ್ಪತ್ರೆಯಿದೆ, ಪೊಲೀಸ್ ಕಮಿಷನರ್ ಕಚೇರಿಯಿದೆ. ಹಾಗಾಗಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು ಎಂಬಂಥ ಮನೆಗಳಿಗೂ ಕೊರತೆಯಿಲ್ಲ. ಫೈಬರ್ ಬಂದು ನಿಲ್ಲುವುದು ಕೆಳಗಿನ ಹಾಲಿನಲ್ಲಿ. ಅಲ್ಲಿಂದ ಮೇಲಿನ ಕೋಣೆಯ ರೂಟರಿಗೆ ಒಂದು ಕೇಬಲ್ ಕಿಟಕಿಯ ಸಂದಿಯಿಂದ ಹೊರಬಿದ್ದು, ಗೋಡೆ ಹಿಡಿದು ಏರುತ್ತದೆ. ಮನೆಯವರು ಕಂಪನಿಯನ್ನು ಬೈಯುತ್ತಾರೆ. ತಪ್ಪು ಎಷ್ಟೋ ಸಲ ಆ ಕೇಬಲ್ಲಿನ ತುದಿಯ ಒಂದು ಇಂಚಿನಲ್ಲಿ ಇರುತ್ತದೆ.

ಆ ಒಂದು ಇಂಚಿನ ಕೆಲಸಕ್ಕೆ ಕ್ರಿಂಪಿಂಗ್ ಎಂದು ಹೆಸರು. ಹೊರಗಿನ ಸಿಪ್ಪೆ ಸುಲಿದು, ಒಳಗಿನ ಎಂಟು ತಂತಿಗಳನ್ನು ಬಿಡಿಸಿ, ಬಣ್ಣದ ಸಾಲಿನಲ್ಲಿ ಜೋಡಿಸಿ, ತುದಿ ಸಮನಾಗಿ ಕತ್ತರಿಸಿ, ಪ್ಲಾಸ್ಟಿಕ್ಕಿನ ಕನೆಕ್ಟರಿನೊಳಗೆ ನೂಕಿ ಇಕ್ಕಳದಿಂದ ಒತ್ತುವುದು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು: ಇದು 'ಬಿ' ಕ್ರಮ. ಕಿತ್ತಳೆ ಮತ್ತು ಹಸಿರು ಜೋಡಿಗಳನ್ನು ಅದಲುಬದಲು ಮಾಡಿದರೆ 'ಎ' ಕ್ರಮ. ಯಾವುದಾದರೂ ಆದೀತು, ಎರಡೂ ತುದಿಗೆ ಒಂದೇ ಇರಲಿ. ಒತ್ತಿದ ಮೇಲೆ ಟೆಸ್ಟರ್ ಹಚ್ಚುತ್ತಾರೆ. ಒಂದರಿಂದ ಎಂಟರವರೆಗೆ ದೀಪ ಸಾಲಾಗಿ ಹತ್ತಿದರೆ ಕೆಲಸ ಮುಗಿಯಿತೆಂದೇ ಲೆಕ್ಕ.

ನನ್ನ ತಕರಾರು ಇರುವುದು ಇಲ್ಲಿಯೇ. ಅಗ್ಗದ ಟೆಸ್ಟರ್ ಹೇಳುವುದು ಒಂದೇ ಮಾತು: ಈ ತುದಿಯ ಮೂರನೇ ತಂತಿ ಆ ತುದಿಯ ಮೂರಕ್ಕೆ ಮುಟ್ಟಿದೆ. ಅದು ಯಾವ ತಂತಿಯೊಡನೆ ಹೆಣೆದುಕೊಂಡು ಬಂದಿದೆ ಎಂಬುದು ಅದಕ್ಕೆ ತಿಳಿಯದು. ಕೇಬಲ್ಲಿನೊಳಗೆ ತಂತಿಗಳು ಜಡೆಯಂತೆ ಎರಡೆರಡಾಗಿ ತಿರುಚಿಕೊಂಡಿರುವುದು ಅಂದಕ್ಕಲ್ಲ. ಪಕ್ಕದ ತಂತಿಯ ಗದ್ದಲ ಜೋಡಿಯ ಎರಡೂ ಎಳೆಗಳ ಮೇಲೆ ಸಮನಾಗಿ ಬಿದ್ದು, ಕೊನೆಯಲ್ಲಿ ಒಂದರದು ಇನ್ನೊಂದರದನ್ನು ಕಳೆದುಹಾಕಲಿ ಎಂದು. ಟೆಲಿಫೋನಿನ ಗ್ರಹಾಂ ಬೆಲ್ ಈ ಉಪಾಯಕ್ಕೆ ಪೇಟೆಂಟ್ ಪಡೆದದ್ದು 1881ರಲ್ಲಿ. ನೆಟ್‌ವರ್ಕಿನ ಲೆಕ್ಕದಲ್ಲಿ 1 ಮತ್ತು 2 ಒಂದು ಜೋಡಿ, 4 ಮತ್ತು 5 ಒಂದು, 7 ಮತ್ತು 8 ಒಂದು. ಮೂರರ ಜೊತೆಗಾರ ಮಾತ್ರ ನಾಲ್ಕಲ್ಲ, ಆರು. ಹೊಸಬರು ಇಲ್ಲೇ ಎಡವುತ್ತಾರೆ. ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ನೇರಕ್ಕೆ ಸಾಲು ಹಿಡಿಯುತ್ತಾರೆ. ಎರಡೂ ತುದಿಗೆ ಅದೇ ತಪ್ಪು ಮಾಡಿದರೆ ಟೆಸ್ಟರಿನಲ್ಲಿ ಎಂಟೂ ದೀಪ ಚೆಂದವಾಗಿ ಹತ್ತುತ್ತವೆ. ಆದರೆ ಮೂರು ಹಸಿರು ಜೋಡಿಯದು, ಆರು ನೀಲಿ ಜೋಡಿಯದು. ಗದ್ದಲ ಕಳೆಯುವುದಿಲ್ಲ. ಎರಡು ಮೀಟರ್ ತುಂಡಿನಲ್ಲಿ ಹೇಗೋ ನಡೆದುಹೋಗುವ ಈ ತಪ್ಪು, ಟೆರೇಸಿನವರೆಗೆ ಏರಿದ ಕೇಬಲ್ಲಿನಲ್ಲಿ ಕಾಡತೊಡಗುತ್ತದೆ. ಇದನ್ನು ಹಿಡಿಯಲು ಕಣ್ಣೇ ಬೇಕು: ಪಾರದರ್ಶಕ ಕನೆಕ್ಟರನ್ನು ಬೆಳಕಿಗೆ ಹಿಡಿದು ಬಣ್ಣ ಓದಬೇಕು.

ವೇಗ 100 ಎಂಬಿಗೆ ನಿಂತು ಮೇಲೇಳುವುದೇ ಇಲ್ಲ ಎಂಬ ದೂರಿನ ಕಾರಣ ಬೇರೆ. 100 ಎಂಬಿಗೆ ಎರಡು ಜೋಡಿ ಸಾಕು, 1, 2, 3, 6 ತಂತಿಗಳು. ಗಿಗಾಬಿಟ್ಟಿಗೆ ನಾಲ್ಕೂ ಬೇಕು. ನೀಲಿ ಅಥವಾ ಕಂದಿನ ಒಂದೇ ಎಳೆ ಕೈಕೊಟ್ಟರೂ ಸಂಪರ್ಕ ಸಾಯುವುದಿಲ್ಲ, ಹಳೆಯ ವೇಗಕ್ಕೆ ಇಳಿದು ಸುಮ್ಮನೆ ನಡೆಯುತ್ತದೆ. ಹೀಗೆ ಕಂಡರೆ ಮೊದಲು ಕನೆಕ್ಟರಿನ ಲೋಹದ ಅಲಗುಗಳನ್ನು ನೋಡಿ. ಸವೆದ ಇಕ್ಕಳ ಅಂಚಿನವನ್ನು ಒತ್ತಿ ನಡುವಿನವನ್ನು ಎತ್ತರದಲ್ಲೇ ಬಿಟ್ಟಿರಬಹುದು. ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದರೆ ಕೆಲವು ಸಲ ಸರಿಹೋಗುತ್ತದೆ. ತಂತಿ ತುದಿಯವರೆಗೆ ಮುಟ್ಟದೆ ನಿಂತಿದ್ದರೆ ಮಾತ್ರ ಕತ್ತರಿಸಿ ಹೊಸದು ಹಾಕುವುದೇ ದಾರಿ.

ಸಿಪ್ಪೆಯ ವಿಷಯದಲ್ಲಿ ಜಿಪುಣತನ ಬೇಕು. ಜೋಡಿಗಳ ತಿರುವು ಬಿಚ್ಚುವುದು 13 ಮಿಲಿಮೀಟರ್ ಮೀರಬಾರದು. ಹೊರಸಿಪ್ಪೆ ಕನೆಕ್ಟರಿನೊಳಗೆ ನುಗ್ಗಿ, ಹಿಂಬದಿಯ ಪ್ಲಾಸ್ಟಿಕ್ ನಾಲಿಗೆ ಅದನ್ನು ಕಚ್ಚಿರಬೇಕು. ಕನೆಕ್ಟರಿನ ಹೊರಗೆ ಬಣ್ಣದ ಎಳೆಗಳು ಕಾಣುತ್ತಿದ್ದರೆ ಕಸ ಗುಡಿಸುವಾಗ ಒಮ್ಮೆ ಎಳೆದರೂ ಸಂಪರ್ಕ ತಪ್ಪಿತು. ದಪ್ಪ ತಂತಿಯ ಕ್ಯಾಟ್-6 ಕೇಬಲ್ಲಿಗೆ ಕ್ಯಾಟ್-5ಇ ಕನೆಕ್ಟರ್ ತುರುಕಿದರೆ ಕೈ ನೋಯುವುದೇ ಲಾಭ.

ಕೆಲವು ಕೇಬಲ್ ಮಾತ್ರ ಎಂಥ ಕುಶಲಿಯ ಕೈಗೂ ಬಗ್ಗುವುದಿಲ್ಲ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಸುರುಳಿಗಳಲ್ಲಿ ತಾಮ್ರದ ಲೇಪವಷ್ಟೇ ಇರುವ ಅಲ್ಯೂಮಿನಿಯಂ ತಂತಿಯೂ ಇರುತ್ತದೆ. ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಹೊಳೆಯುತ್ತದೆ. ನಾಲ್ಕು ಸಲ ಮಡಚಿದರೆ ಮುರಿಯುತ್ತದೆ, ಕ್ಯಾಮೆರಾಗೆ ಅದರಲ್ಲೇ ಕರೆಂಟ್ ಕಳಿಸಿದರೆ ದಾರಿಯಲ್ಲಿ ಹೆಚ್ಚು ಸೋರುತ್ತದೆ. ಇಂಥದ್ದು ಸಿಕ್ಕರೆ ಕ್ರಿಂಪಿಂಗ್ ಬಿಟ್ಟು ಕೇಬಲ್ಲನ್ನೇ ಬದಲಿಸುವುದು ಮೇಲು.

ಈ ಭಾಗದ ಜಿಟಿಜಿಟಿ ಮಳೆಗೂ ಒಂದು ಮಾತು ಹೇಳಬೇಕು. ಟೆರೇಸಿನಿಂದ ಇಳಿದ ಕೇಬಲ್ ನೇರ ಕಿಟಕಿಯೊಳಗೆ ಬಂದರೆ ನೀರೂ ಅದನ್ನೇ ಹಿಡಿದು ರೂಟರಿನವರೆಗೆ ಬರುತ್ತದೆ, ಅಲಗುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕಿಟಕಿಗಿಂತ ಗೇಣು ಕೆಳಗಿಳಿಸಿ ಮೇಲಕ್ಕೆ ತಿರುಗಿಸಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಒಮ್ಮೆ ಒತ್ತಿದ ಕನೆಕ್ಟರ್ ಮತ್ತೆ ಬಾರದು, ಪ್ರತಿ ರಿಪೇರಿಗೂ ಕೇಬಲ್ ಒಂದೆರಡು ಇಂಚು ಸವೆಯುತ್ತದೆ. ಬಲ್ಲವರು ರೂಟರಿನ ಹಿಂದೆ ಮೊಳದುದ್ದ ಸುತ್ತಿ ಬಿಟ್ಟಿರುತ್ತಾರೆ. ಗೋಡೆ ಚೆಂದ ಕಾಣಲೆಂದು ಅದನ್ನು ಕತ್ತರಿಸಿ ಹಾಕಿಸಿಕೊಂಡ ಮನೆಯಲ್ಲಿ, ಮುಂದಿನ ಸಲ ಬಂದವನು ರೂಟರನ್ನೇ ಕಿತ್ತು ಕಿಟಕಿಯ ಹತ್ತಿರಕ್ಕೆ ಮೊಳೆ ಹೊಡೆಯಬೇಕು.