ಬೆಟ್ಟಕ್ಕೊಯ್ಯುವ ರೇಡಿಯೋ ಯಾವುದಿರಬೇಕು?

ರಜೆಯ ದಿನ ಠಾಣೆ, ಡೊಂಬಿವಲಿ, ಕಲ್ಯಾಣಗಳ ನಮ್ಮ ಹೋಟೆಲ್ ಬಂಧುಗಳೂ ಗುಮಾಸ್ತರೂ ಕಸಾರಾ ಗಾಡಿಯನ್ನೇರಿ, ಆಸನಗಾಂವ್‌ನಲ್ಲಿಳಿದು, ಮಾಹುಲಿ ಕೋಟೆಯನ್ನು ಹತ್ತುವುದುಂಟು. ಕಳೆದ ಚಳಿಗಾಲದಲ್ಲಿ ಅಂತಹ ತಂಡವೊಂದರೊಡನೆ ನಾವೂ ಹೋಗಿದ್ದೆವು. ತಂಡದ ಗುಮಾಸ್ತ ಮಿತ್ರರೊಬ್ಬರು ಪರವಾನಗಿ ಪಡೆದ ಹವ್ಯಾಸಿ ರೇಡಿಯೋಗಾರರು. ಜನರು ಇವರನ್ನು ‘ಹ್ಯಾಮ್’ ಎನ್ನುವರು. ಮನೆಯ ದೊಡ್ಡ ಯಂತ್ರವನ್ನೂ ಕಾರಿನ ಬ್ಯಾಟರಿಯನ್ನೂ ಅವರು ಹೊತ್ತು ತಂದಿದ್ದರು. ಅರ್ಧ ದಾರಿಯಲ್ಲಿ ಅವರ ಹೆಗಲು ಸೋತು, ಬ್ಯಾಟರಿಯು ನಮ್ಮ ಬೆನ್ನಿಗೆ ಬಂದಿತು. ಮೇಲೆ ತಲಪುವಾಗ ಹೊತ್ತು ಮೀರಿತ್ತು. ಒಬ್ಬರೊಡನೆಯೂ ಮಾತನಾಡದೆ ಇಳಿಯಬೇಕಾಯಿತು. ಆ ದಿನದ ಬೆನ್ನುನೋವೇ ಈ ಲೇಖನಕ್ಕೆ ಪ್ರೇರಣೆ.

ಶಿಖರಗಳಿಂದ ರೇಡಿಯೋ ಸಂಭಾಷಣೆ ನಡೆಸುವ ವ್ಯವಸ್ಥಿತ ಹವ್ಯಾಸವೊಂದು 2002ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿ ಅನೇಕ ದೇಶಗಳಿಗೆ ಹಬ್ಬಿದೆ. ಅದರಲ್ಲಿ ಅಂಕ ಗಳಿಸಲು ನಾಲ್ವರೊಡನೆ ಮಾತನಾಡಿದರೆ ಸಾಕು.

ವಾಚಕರು ಮೊದಲು ಅರಿಯಬೇಕಾದುದು ಕಾನೂನನ್ನು. ಪರವಾನಗಿಯಿಲ್ಲದೆ ಹ್ಯಾಮ್ ಪ್ರಸಾರಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧ. ಅಂತರ್ಜಾಲದಲ್ಲಿ ಅಗ್ಗವೆಂದು ವಾಕಿ-ಟಾಕಿ ಕೊಂಡು ಸಂಬಳದ ಹಣವನ್ನು ಕಳೆದುಕೊಳ್ಳಬಾರದು. ಹನ್ನೆರಡು ವರ್ಷ ತುಂಬಿದ ಯಾರಾದರೂ ಕೇಂದ್ರ ಸರಕಾರದ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಪರವಾನಗಿ ದೊರೆತ ಮೇಲೂ, ಅದರಲ್ಲಿ ನಮೂದಿಸಿದ ಸ್ಥಳವನ್ನು ಬಿಟ್ಟು ಬೆಟ್ಟದಿಂದ ಪ್ರಸಾರ ಮಾಡಲು ಅನುಮತಿಯುಂಟೇ ಎಂಬುದನ್ನು ವಿಚಾರಿಸಿಕೊಳ್ಳುವುದು ಲೇಸು.

ಇನ್ನು ಯಂತ್ರದ ಮಾತು. ಬೆಟ್ಟಕ್ಕೆ ದೊಡ್ಡ ಶಕ್ತಿಯ ಯಂತ್ರ ಬೇಡ, ಎತ್ತರವೇ ಶಕ್ತಿ. ಸಮತಟ್ಟಾದ ನೆಲದಲ್ಲಿ ನಿಂತವನಿಗೆ ಕ್ಷಿತಿಜವು ಐದು ಕಿಲೋಮೀಟರಿನೊಳಗೆ. ಸುಮಾರು 850 ಮೀಟರ್ ಎತ್ತರದ ಮಾಹುಲಿಯಲ್ಲಿ ಅದು ನೂರು ಕಿಲೋಮೀಟರಿನಷ್ಟು ದೂರ. ಆದುದರಿಂದ 144ರಿಂದ 146 ಮೆಗಾಹರ್ಟ್ಸ್‌ನ, ಐದು ವ್ಯಾಟಿನ ಕೈಯಂತ್ರವೊಂದರಿಂದಲೇ ಅಲ್ಲಿಂದ ಠಾಣೆ, ನವಿ ಮುಂಬಯಿಗಳ ಹ್ಯಾಮ್‌ಗಳೊಡನೆ ಮಾತನಾಡಬಹುದು. ಅದರೊಡನೆ ಬರುವ ಮೋಟು ರಬ್ಬರ್ ಆಂಟೆನಾದ ಬದಲು ಉದ್ದನೆಯದೊಂದನ್ನು ಹಾಕಿದರೆ ಧ್ವನಿ ಇನ್ನೂ ಸ್ಪಷ್ಟ. ಆದರೆ ಪೂರ್ವಕ್ಕೆ ಸಹ್ಯಾದ್ರಿಯ ಗೋಡೆ ಅಡ್ಡ ಬರುವುದು.

ಉಡುಪಿಯ ಅಥವಾ ಮಂಗಳೂರಿನ ಹ್ಯಾಮ್ ಒಬ್ಬರೊಡನೆ ತುಳುವಿನಲ್ಲೋ ಕನ್ನಡದಲ್ಲೋ ನಾಲ್ಕು ಮಾತನಾಡಬೇಕೆಂಬ ಆಸೆಯಿದ್ದರೆ 7 ಮೆಗಾಹರ್ಟ್ಸ್ ಬೇಕು. ಆ ಅಲೆಯು ಮೇಲಿನ ವಾಯುಮಂಡಲಕ್ಕೆ ತಾಗಿ ಮರಳಿ ಬರುವುದರಿಂದ ಹಗಲಿನಲ್ಲಿ ನೂರಾರು ಕಿಲೋಮೀಟರ್ ತಲಪುತ್ತದೆ. ಇದಕ್ಕೆ ಹೈದರಾಬಾದಿನ ಅಶ್ಹರ್ ಫರ್ಹಾನರು ರೂಪಿಸಿದ ‘ಬಿಟೆಕ್ಸ್’ ಮಾದರಿಯ ಯಂತ್ರಗಳು ಕಡಿಮೆ ವೆಚ್ಚದವು. ಕೈಯಾರೆ ಜೋಡಿಸಿ ಕಲಿಯಲೂ ಯೋಗ್ಯ. ಆಂಟೆನಾಕ್ಕೆ ಇಪ್ಪತ್ತು ಮೀಟರ್ ತಂತಿ, ಅದನ್ನೆತ್ತಲು ಮಡಚುವ ಮೀನುಗಾಳದ ಕೋಲು ಸಾಕು. ಹಣ ಮಿತವಾಗಿದ್ದರೆ ದುಬಾರಿ ಯಂತ್ರಕ್ಕಿಂತ ತಂತಿಯ ಎತ್ತರಕ್ಕೆ ಗಮನ ಕೊಡುವುದು ಮೇಲು.

ಬ್ಯಾಟರಿಯು ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದಿರಲಿ. ಸಮಾನ ಸಾಮರ್ಥ್ಯದ ಸೀಸದ ಬ್ಯಾಟರಿಗಿಂತ ಅದು ಬಹಳ ಹಗುರ. ಸಣ್ಣ ಯಂತ್ರದೊಡನೆ ಅರ್ಧ ದಿನ ಕಳೆಯಲು ನಾಲ್ಕೈದು ಆಂಪಿಯರ್-ಅವರ್ ಸಾಕಾದೀತು. ಒಟ್ಟು ಹೊರೆಯು ಕುಡಿಯುವ ನೀರಿಗೆ ಜಾಗ ಬಿಡುವಂತಿರಬೇಕು. ಗುಡುಗು ಕೇಳಿದೊಡನೆ ತಂತಿಯನ್ನಿಳಿಸಿ ಕೆಳಗಿಳಿಯಬೇಕು.

ಇದು ಕೇವಲ ವಿನೋದವೆಂದು ಕೆಲವರು ನಗಬಹುದು. 2004ರ ಡಿಸೆಂಬರಿನಲ್ಲಿ ಹ್ಯಾಮ್ ಭಾರತಿ ಪ್ರಸಾದರು ಈ ಹವ್ಯಾಸಕ್ಕೆಂದೇ ತಂಡದೊಡನೆ ಪೋರ್ಟ್ ಬ್ಲೇರಿಗೆ ಹೋಗಿದ್ದರು. 26ರಂದು ಸುನಾಮಿ ಅಪ್ಪಳಿಸಿ ಸಂಪರ್ಕ ಕಡಿದಾಗ, ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದುದು ಅವರ ಯಂತ್ರವೇ. ವಿನೋದಕ್ಕೆಂದು ಕಲಿತ ವಿದ್ಯೆಯು ವಿಪತ್ತಿನಲ್ಲಿ ಒದಗಿತು.

ನಮ್ಮ ಗುಮಾಸ್ತ ಮಿತ್ರರು ಈಗ ಕೈಯಂತ್ರವೊಂದನ್ನೇ ಒಯ್ಯುತ್ತಿದ್ದಾರೆ. ಮುಂದಿನ ಚಾರಣಕ್ಕೆ ನಮ್ಮನ್ನು ಮತ್ತೆ ಕರೆದಿದ್ದಾರೆ. ಬ್ಯಾಟರಿ ಹೊರುವುದಿಲ್ಲವೆಂಬ ಕರಾರಿನ ಮೇಲೆ ಒಪ್ಪಿದ್ದೇವೆ.