ಗಾಳಕ್ಕೆ ಸಿಗದ ತಾಯಿ ಶಾರ್ಕ್‌ಗಳು

ಉತ್ತರ ಅಟ್ಲಾಂಟಿಕ್ ಸಾಗರದ ಮಾಕೋ ಶಾರ್ಕ್‌ಗಳ ಬಗ್ಗೆ ವಿಜ್ಞಾನಿಗಳು 2019ರಲ್ಲಿ ಕೊಟ್ಟ ಲೆಕ್ಕ ಎಂಥವರನ್ನೂ ಕಂಗೆಡಿಸುವಂಥದ್ದು. ಈ ಮೀನನ್ನು ಹಿಡಿಯುವುದನ್ನು ಪೂರ್ತಿ ನಿಲ್ಲಿಸಿದರೂ ಮರಿ ಹಾಕುವ ಹೆಣ್ಣುಗಳ ಸಂಖ್ಯೆ 2035ರವರೆಗೆ ಇಳಿಯುತ್ತಲೇ ಇರುತ್ತದೆ ಎಂದರು ಅವರು. ಒಂದೂ ಮೀನನ್ನು ಕೊಲ್ಲದಿದ್ದರೂ 2045ರ ಹೊತ್ತಿಗೆ ಸಂತತಿ ಚೇತರಿಸಿಕೊಳ್ಳುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಕೊಲ್ಲುವುದು ನಿಂತ ಮೇಲೂ ಸಂಖ್ಯೆ ಕುಸಿಯುವುದೇಕೆ? ಉತ್ತರ ಮಾಕೋದ ಬದುಕಿನಲ್ಲೇ ಇದೆ. ಶಾರ್ಕ್‌ಗಳಲ್ಲೆಲ್ಲ ಅತಿ ವೇಗವಾಗಿ ಈಜುವ ಇದು ಬೆಳೆಯುವುದು ಮಾತ್ರ ಬಹಳ ನಿಧಾನ. ಹೆಣ್ಣು ಪ್ರಾಯಕ್ಕೆ ಬರಲು ಹದಿನೆಂಟು ವರ್ಷದಷ್ಟು ಬೇಕು. ಗರ್ಭದ ಅವಧಿ ಒಂದೂಕಾಲು ವರ್ಷಕ್ಕೂ ಹೆಚ್ಚು. ಹೆತ್ತ ಮೇಲೆ ವಿಶ್ರಾಂತಿ ಬೇಕಾದ್ದರಿಂದ ಸುಮಾರು ಮೂರು ವರ್ಷಕ್ಕೊಮ್ಮೆ ಮಾತ್ರ ಮರಿ ಹಾಕುತ್ತದೆ. ಸಾವಿರಗಟ್ಟಲೆ ಮೊಟ್ಟೆ ಇಡುವ ಬಂಗುಡೆ, ಬೂತಾಯಿಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈ ಹದಿನೆಂಟು ವರ್ಷ ಎಂಬುದು ಗೊತ್ತಾದ ಬಗೆ ಸೊಗಸಾಗಿದೆ. ಶಾರ್ಕ್‌ನ ಬೆನ್ನೆಲುಬಿನ ಮಣಿಗಳಲ್ಲಿ ಮರದ ಕಾಂಡದಲ್ಲಿರುವಂತೆ ಉಂಗುರಗಳಿರುತ್ತವೆ. ಆದರೆ ವರ್ಷಕ್ಕೆ ಒಂದೇ ಉಂಗುರವೋ, ಎರಡೋ? 1980ರ ದಶಕದಲ್ಲಿ ಎರಡೆಂದು ಎಣಿಸಿದವರಿದ್ದರು. ಹಾಗೆ ಎಣಿಸಿದರೆ ಮೀನಿನ ವಯಸ್ಸು ಅರ್ಧಕ್ಕಿಳಿಯುತ್ತದೆ, ಅದು ಬೇಗ ಬೆಳೆದು ಬೇಗ ಮರಿ ಹಾಕುತ್ತದೆಂಬ ಭ್ರಮೆ ಹುಟ್ಟುತ್ತದೆ. ಗೊಂದಲ ಬಿಡಿಸಿದ್ದು ಅಣುಬಾಂಬು. 1950, 60ರ ದಶಕಗಳ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚು ಕಡಿಮೆ ಇಮ್ಮಡಿಯಾಗಿ, ಕಡಲಿಗಿಳಿದು, ಆಹಾರದ ಮೂಲಕ ಶಾರ್ಕ್‌ಗಳ ಮೈ ಸೇರಿತು. ಆ ಕಾಲದಲ್ಲಿ ಬದುಕಿದ್ದ ಮೀನಿನ ಯಾವ ಉಂಗುರದಲ್ಲಿ ಅದು ಏಕಾಏಕಿ ಏರಿದೆ ಎಂದು ನೋಡಿದರೆ ಆ ಉಂಗುರದ ಕಾಲ ತಿಳಿಯುತ್ತದೆ. ಅಲ್ಲಿಂದ ಹೊರಕ್ಕೆ ಎಣಿಸಿದಾಗ ಅಟ್ಲಾಂಟಿಕ್ ಮಾಕೋಗಳಲ್ಲಿ ವರ್ಷಕ್ಕೆ ಒಂದೇ ಉಂಗುರ ಎಂಬುದು ಖಚಿತವಾಯಿತು. ಮನುಷ್ಯನ ಅತಿ ಕೆಟ್ಟ ಆಯುಧದ ಗುರುತು ಒಂದು ಪ್ರಾಣಿಯ ರಕ್ಷಣೆಗೆ ಒದಗಿತಲ್ಲ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ವಯಸ್ಸು ತಿಳಿಯಿತು, ಸಂಖ್ಯೆ? ಸಾಗರದ ಶಾರ್ಕ್‌ಗಳನ್ನು ಯಾರೂ ನೇರವಾಗಿ ಎಣಿಸಲಾರರು. ಕತ್ತಿಮೀನು, ಟ್ಯೂನಾಗಳಿಗಾಗಿ ಹತ್ತಾರು ಕಿಲೋಮೀಟರ್ ಉದ್ದದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ಬಿಡುವ ಲಾಂಗ್‌ಲೈನ್ ಹಡಗುಗಳ ದಾಖಲೆಯೇ ಆಧಾರ. ಸಾವಿರ ಗಾಳಕ್ಕೆ ಎಷ್ಟು ಮಾಕೋ ಸಿಕ್ಕವು ಎಂಬುದು ವರ್ಷದಿಂದ ವರ್ಷಕ್ಕೆ ಏರಿದೆಯೋ ಇಳಿದಿದೆಯೋ ನೋಡುತ್ತಾರೆ. ತೊಡಕಿರುವುದು ಇಲ್ಲೇ. ಗಾಳಕ್ಕೆ ಬೀಳುವವುಗಳಲ್ಲಿ ಹೆಚ್ಚಿನವು ಇನ್ನೂ ಪ್ರಾಯಕ್ಕೆ ಬಾರದ ಎಳೆಯವು, ಪ್ರಾಯದ ಹೆಣ್ಣು ಕಾಣಸಿಗುವುದೇ ಅಪರೂಪ. ಹಿಂದೆ ಹುಟ್ಟಿದ ತಾಯಂದಿರು ಕಣ್ಮರೆಯಲ್ಲಿ ಮರಿ ಹಾಕುತ್ತಿರುವವರೆಗೆ ಹಡಗಿನವರಿಗೆ ಕಡಲು ತುಂಬಿದಂತೆಯೇ ಕಾಣುತ್ತದೆ. ಎಳೆಯವು ಸತ್ತ ನಷ್ಟ ಬಯಲಾಗುವುದು ಎರಡು ದಶಕದ ನಂತರ, ಹಳೆಯ ತಾಯಂದಿರ ಜಾಗಕ್ಕೆ ಹೊಸ ತಾಯಂದಿರು ಬಾರದಿದ್ದಾಗ.

ಹಡಗಿನ ದಾಖಲೆಗಳನ್ನು ಎಷ್ಟು ನಂಬಬಹುದು ಎಂಬುದಕ್ಕೂ 2017ರಲ್ಲಿ ಉತ್ತರ ಬಂತು. ಅಮೆರಿಕದ ಸಂಶೋಧಕರು ಪಶ್ಚಿಮ ಅಟ್ಲಾಂಟಿಕ್‌ನ 40 ಮಾಕೋಗಳಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಟ್ಯಾಗ್ ತೊಡಿಸಿ ಬಿಟ್ಟಿದ್ದರು. ಅವುಗಳಲ್ಲಿ 12 ಮೀನುಗಾರರ ಪಾಲಾದವು. ಅದುವರೆಗೆ ಅಂದಾಜಿಸಿದ್ದಕ್ಕಿಂತ ಹಲವು ಪಟ್ಟು ಹೆಚ್ಚು ಶಾರ್ಕ್‌ಗಳು ಮೀನುಗಾರಿಕೆಯಿಂದ ಸಾಯುತ್ತಿದ್ದವು.

ಇಷ್ಟೆಲ್ಲ ತಿಳಿದೂ ನಿರ್ಧಾರಕ್ಕೆ ವರ್ಷಗಳು ಹಿಡಿದವು. ಅಟ್ಲಾಂಟಿಕ್‌ನ ಈ ವ್ಯವಹಾರ ನೋಡಿಕೊಳ್ಳುವುದು ಟ್ಯೂನಾ ಸಂರಕ್ಷಣೆಗೆಂದು ಹುಟ್ಟಿದ ಅಂತಾರಾಷ್ಟ್ರೀಯ ಆಯೋಗ, ಐಕ್ಯಾಟ್. ನಿಷೇಧ ಬೇಕೆಂದು ಕೆನಡಾ, ಸೆನೆಗಲ್ ಮುಂತಾದ ದೇಶಗಳು ಕೇಳಿದರೂ ಐರೋಪ್ಯ ಒಕ್ಕೂಟ ಮತ್ತು ಅಮೆರಿಕ ಕೂಡಲೇ ಒಪ್ಪಲಿಲ್ಲ. ಕೊನೆಗೆ 2021ರ ನವೆಂಬರ್‌ನಲ್ಲಿ, ಮುಂದಿನ ಎರಡು ವರ್ಷ ಉತ್ತರ ಅಟ್ಲಾಂಟಿಕ್‌ನಲ್ಲಿ ಸಿಕ್ಕ ಮಾಕೋವನ್ನು ಹಡಗಿನಲ್ಲಿ ಇಟ್ಟುಕೊಳ್ಳಬಾರದು ಎಂಬ ನಿಯಮ ಬಂತು. ವಿಜ್ಞಾನ ಮೊದಲೇ ಸ್ಪಷ್ಟವಾಗಿ ಹೇಳಿದ್ದನ್ನು ಮುಂದೂಡುತ್ತ ಹೋದ ಆ ವರ್ಷಗಳನ್ನು ನಾನು ಕ್ಷಮಿಸಲಾರೆ.

ಹಾಗೆಂದು ಎಲ್ಲ ಶಾರ್ಕ್‌ಗೂ ಒಂದೇ ಅಳತೆ ಸಲ್ಲದು. ನಮ್ಮ ಕರಾವಳಿಯವರು ತಾಟೆ ಎಂದು ಕರೆಯುವ ಮೀನುಗಳಲ್ಲಿ ಮೊಳದುದ್ದದ, ಚಪ್ಪಟೆ ಮೂತಿಯ ಒಂದು ಜಾತಿ ಒಂದೆರಡು ವರ್ಷದಲ್ಲೇ ಪ್ರಾಯಕ್ಕೆ ಬರುತ್ತದೆ. ಮಿತಿಯಲ್ಲಿ ಹಿಡಿದರೆ ಅದು ತಾಳಿಕೊಳ್ಳಬಲ್ಲದು. ಅದೇ ಅರಬ್ಬೀ ಸಮುದ್ರದಲ್ಲಿ ಈಜುವ ಮಾಕೋಗೆ ಆ ಶಕ್ತಿ ಇಲ್ಲ. ಆದ್ದರಿಂದ 'ಶಾರ್ಕ್ ಇಷ್ಟು ಟನ್' ಎಂದು ಒಟ್ಟಾಗಿ ಬರೆದಿಡುವ ದಾಖಲೆಯಿಂದ ಪ್ರಯೋಜನ ಕಡಿಮೆ, ಜಾತಿವಾರು ಬರೆಯಬೇಕು.

ಐಕ್ಯಾಟ್ ನಿಯಮದಂತೆ ಮಾಕೋವನ್ನು ಹಡಗಿನಲ್ಲಿ ಇಟ್ಟುಕೊಳ್ಳಬಾರದು ಎಂದರೆ ಗಾಳಕ್ಕೆ ಬೀಳುವುದು ನಿಂತಿತು ಎಂದಲ್ಲ. ಸಿಕ್ಕವುಗಳಲ್ಲಿ ಒಂದು ಪಾಲು ಹಗ್ಗ ಎಳೆಯುವಷ್ಟರಲ್ಲೇ ಸತ್ತಿರುತ್ತವೆ, ಬಿಡಿಸಿ ಬಿಟ್ಟವುಗಳಲ್ಲೂ ಕೆಲವು ಉಳಿಯುವುದಿಲ್ಲ. ಗಾಳದ ತುದಿಗೆ ಲೋಹದ ತಂತಿಯ ಬದಲು ನೈಲಾನ್ ದಾರ ಕಟ್ಟಿದರೆ ಶಾರ್ಕ್ ಅದನ್ನು ಕಚ್ಚಿ ತುಂಡರಿಸಿಕೊಂಡು ಹೋಗಬಲ್ಲದು. ಸಿಕ್ಕಿದ್ದನ್ನು ಹಡಗಿಗೆ ಎತ್ತದೆ ನೀರಿನಲ್ಲೇ ದಾರ ಕತ್ತರಿಸಬಹುದು. ಸತ್ತು ಎಸೆಯಲ್ಪಟ್ಟವನ್ನೂ ಲೆಕ್ಕಕ್ಕೆ ಹಿಡಿಯಲು ಪ್ರತಿ ಹಡಗಿನಲ್ಲೂ ವೀಕ್ಷಕರು ಅಥವಾ ಕ್ಯಾಮೆರಾ ಬೇಕು. ಇವ್ಯಾವುದಕ್ಕೂ ಹೊಸ ಆವಿಷ್ಕಾರ ಬೇಕಿಲ್ಲ.