ನಡು ತುಂಡು ಯಾರ ತಟ್ಟೆಗೆ?

ಒಂದು ಪ್ರಶ್ನೆ ಕೇಳ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಭಾನುವಾರ ನಿಮ್ಮ ಮನೆಯಲ್ಲಿ ಮೀನು ಸಾರು ಮಾಡಿದ್ದೀರಿ ಅಂತಿಟ್ಟುಕೊಳ್ಳಿ. ಮುಳ್ಳು ಕಡಿಮೆ ಇರುವ ನಡುವಿನ ದಪ್ಪ ತುಂಡು ಯಾರ ತಟ್ಟೆಗೆ ಹೋಗುತ್ತದೆ? ಮನೆಯವರಿಗೆ, ಮಗನಿಗೆ, ನೆಂಟರು ಬಂದಿದ್ದರೆ ಅವರಿಗೆ. ಎಲ್ಲರ ಊಟ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಬಾಲ, ತಲೆ, ಒಂದಿಷ್ಟು ಮಸಾಲೆ ನಮಗೆ. "ನಂಗೆ ಬಾಲವೇ ಇಷ್ಟ" ಅಂತ ಹೇಳಿ ಹೇಳಿ ನಮಗೇ ಅದು ನಿಜ ಅನಿಸಿಬಿಟ್ಟಿದೆ, ಅಲ್ವಾ?

ಕಳೆದ ಡಿಸೆಂಬರ್ ರಜೆಯಲ್ಲಿ ಊರಿಗೆ ಹೋಗುವವರೆಗೆ ನಾನೂ ಇದರ ಬಗ್ಗೆ ಯೋಚನೆ ಮಾಡಿದವಳಲ್ಲ. ನನ್ನ ತವರು ಬೈಂದೂರು ಕಡೆ, ಗಂಡನ ಮನೆ ಬ್ರಹ್ಮಾವರದ ಹತ್ತಿರ, ಸಂಸಾರ ಬೆಂಗಳೂರಿನಲ್ಲಿ. ಎರಡೂ ಊರಿನ ನಡುವೆ ಇರುವ ಕುಂದಾಪುರದಲ್ಲಿ, ಹೊಳೆ ಬದಿಯಲ್ಲಿ, ಅಲ್ಲಿನ ಹುಡುಗರೆಲ್ಲ ಸೇರಿ ಮೀನಡುಗೆ ಸ್ಪರ್ಧೆ ಇಟ್ಟಿದ್ದರು. ಮನೆಮಂದಿಯೆಲ್ಲ ಬರಬೇಕು, ಅಲ್ಲೇ ಬೇಯಿಸಿ ಅಲ್ಲೇ ಉಣ್ಣಬೇಕು. ಅತ್ತೆಗೆ ಅರವತ್ತೆಂಟು ವರ್ಷ. "ನಾವಿಬ್ರೂ ಹೆಸರು ಕೊಡುವನಾ ಹೆಣೆ?" ಅಂತ ಅವರೇ ಕೇಳಿದಾಗ ನನಗೆ ನಂಬಲಿಕ್ಕಾಗಲಿಲ್ಲ.

ಕುಂದಾಪುರದ ಹೊಳೆ ಅಂದರೆ ಒಂದಲ್ಲ, ಐದು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಸಿಹಿನೀರು ಉಪ್ಪುನೀರು ಬೆರೆಯುವ ಇಂಥ ಜಾಗ ಕಾಣೆ, ಏಡಿ, ಸಿಗಡಿ, ಕಪ್ಪೆಚಿಪ್ಪಿಗೆ ಹೇಳಿಮಾಡಿಸಿದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ನಮ್ಮ ಕಡೆಯ ಮನೆಗಳ ಬಾಯಿರುಚಿ ಕಾಯುವುದು ಈ ಹೊಳೆ ಮೀನು ಮತ್ತು ಅಟ್ಟದ ಮೇಲಿನ ಒಣಮೀನು.

ಬೈಂದೂರು ಮತ್ತು ಬ್ರಹ್ಮಾವರ 2018ರಲ್ಲಿ ಬೇರೆ ತಾಲೂಕುಗಳಾದವು. ಆದರೆ ಮೀನಿನ ಹೆಸರು ಬದಲಾಗುವುದು ತಾಲೂಕಿನ ಗಡಿ ನೋಡಿ ಅಲ್ಲ, ಮಾತು ನೋಡಿ. ಮಾಬುಕಳ ಸೇತುವೆಯಲ್ಲಿ ಸೀತಾನದಿ ದಾಟಿ ಉತ್ತರಕ್ಕೆ ಬಂದರೆ ತುಳು ಕಡಿಮೆಯಾಗಿ ಕುಂದಾಪ್ರ ಕನ್ನಡ ಶುರು. ಅಲ್ಲಿ ಬೂತಾಯಿ ಆದದ್ದು ಇಲ್ಲಿ ಬೈಗೆ, ಅಲ್ಲಿ ಎಟ್ಟಿ ಆದದ್ದು ಇಲ್ಲಿ ಚಟ್ಲಿ. ಮದುವೆಯಾದ ಹೊಸದರಲ್ಲಿ ನಾನು "ಬೈಗೆ" ಅಂದರೆ ಪಕ್ಕದ ಮನೆಯವರು ನನ್ನ ಮುಖ ನೋಡುತ್ತಿದ್ದರು!

ಸ್ಪರ್ಧೆಗೆ ಮೀನು ಆರಿಸಿದ್ದು ಅತ್ತೆ. ಕಿವಿರು ಎತ್ತಿ ನೋಡಿದರು, ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೆಯಬೇಕು, ಗುಳಿ ಬಿದ್ದಿರಬಾರದು. ಬೆರಳಲ್ಲಿ ಒತ್ತಿದರೆ ಮಾಂಸ ಕೂಡಲೇ ಮೇಲೆ ಬರಬೇಕು. ಬೆಂಗಳೂರಿನ ಅಂಗಡಿಯಲ್ಲಿ ಐಸಿನ ಮೇಲೆ ಮಲಗಿದ ಮೀನಿಗೂ ಇದೇ ಪರೀಕ್ಷೆ. ತುಂಡು ಮಾಡಿ ಇಟ್ಟಿದ್ದನ್ನು ಕೊಂಡರೆ ಈ ಯಾವುದೂ ಗೊತ್ತಾಗುವುದಿಲ್ಲ, ಇಡೀ ಮೀನು ನೋಡಿ ಆಮೇಲೆ ಕತ್ತರಿಸಿಕೊಳ್ಳಿ. ಕೊನೆಗೆ ಒಂದು ಕೆ.ಜಿ. ಕಾಣೆ ಚೀಲಕ್ಕೆ ಬಿತ್ತು.

ಒಂದೂವರೆ ಗಂಟೆ ಸಮಯ. ಮಸಾಲೆ ಹುರಿದುಕೊಂಡು ಹೋಗಬಹುದು, ಅರೆಯುವುದು ಮಾತ್ರ ಅಲ್ಲೇ. ಆರು ಮಿಕ್ಸಿ ಒಟ್ಟಿಗೆ ತಿರುಗಿದ್ದೇ ತಡ, ಫ್ಯೂಸ್ ಹೋಯಿತು! ಅರ್ಧ ಗಂಟೆ ಎಲ್ಲರೂ ಸೆರಗಲ್ಲಿ ಗಾಳಿ ಬೀಸಿಕೊಳ್ಳುತ್ತ ಕೂತೆವು.

ನಮ್ಮ ಮಸಾಲೆ ಹೀಗೆ. ಹದಿನೈದು ಬ್ಯಾಡಗಿ ಮೆಣಸು, ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಕಾಲು ಚಮಚ ಮೆಂತೆ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಮೆಂತೆ ಕಪ್ಪಾದರೆ ಸಾರು ಕಹಿ, ಹುಷಾರು. ಇದಕ್ಕೆ ಏಳೆಂಟು ಎಸಳು ಬೆಳ್ಳುಳ್ಳಿ, ಅರಸಿನ, ಲಿಂಬೆ ಗಾತ್ರದ ಹುಣಸೆಹುಳಿ, ಒಂದು ಕಡಿ ತೆಂಗಿನಕಾಯಿ ತುರಿ ಸೇರಿಸಿ ನುಣ್ಣಗೆ ಅರೆಯಿರಿ. ಮಣ್ಣಿನ ಪಾತ್ರೆಯಲ್ಲಿ ಮಸಾಲೆ ಚೆನ್ನಾಗಿ ಕುದಿದ ಮೇಲಷ್ಟೇ ಮೀನು ಹಾಕಬೇಕು. ಮೀನು ಬಿದ್ದ ಮೇಲೆ ಸೌಟು ತಾಗಿಸಲೇಬಾರದು, ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಆಡಿಸಿದರೆ ಸಾಕು. ಏಳೆಂಟು ನಿಮಿಷ, ಅಷ್ಟೇ. ಮೇಲಿಂದ ಒಂದು ಚಮಚ ತೆಂಗಿನೆಣ್ಣೆ.

ಇಷ್ಟೆಲ್ಲ ಮಾಡಿ ಎಡವಿದ್ದು ಎಲ್ಲಿ ಗೊತ್ತಾ? ಉಪ್ಪು ನಾನೂ ಹಾಕಿದೆ, ಅತ್ತೆಯೂ ಹಾಕಿದರು. ರುಚಿ ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಅತ್ತೆ ಬಡಿಸುವ ಮೊದಲು ರುಚಿ ನೋಡುವವರಲ್ಲ, ಅವರ ಎದುರು ನೋಡುವ ಧೈರ್ಯ ನನಗಿರಲಿಲ್ಲ. ತೀರ್ಪುಗಾರರು ಒಂದು ತುತ್ತು ತಿಂದು ನೀರಿನ ಲೋಟಕ್ಕೆ ಕೈಚಾಚಿದಾಗಲೇ ನಮ್ಮ ಬಹುಮಾನ ಹೊಳೆಗೆ ಹೋಯಿತು.

ಮೊದಲ ಬಹುಮಾನ ಗಂಗೊಳ್ಳಿಯ ಮೀನು ಮಾರುವ ಹೆಂಗಸೊಬ್ಬರಿಗೆ. ಅಂಜಲ್, ಸಿಗಡಿ, ತುಪ್ಪದಲ್ಲಿ ಹುರಿದ ಏಡಿ ಅಂತ ಎಲ್ಲರೂ ಮೆರೆಯುತ್ತಿದ್ದರೆ, ಇವರು ಬೈಗೆ ತಂದಿದ್ದರು. ಮೆಣಸು, ಹುಳಿ, ಜಜ್ಜಿದ ತಿರ್ಫಲ, ತೆಂಗಿನೆಣ್ಣೆ. ಈರುಳ್ಳಿ ಕೂಡ ಇಲ್ಲ. ನಾನು ಎರಡು ಸಲ ಹಾಕಿಸಿಕೊಂಡೆ.

ಬಹುಮಾನ ಹೋದರೆ ಹೋಯಿತು, ನಿಜವಾದ ಕಥೆ ಆಮೇಲಿನದ್ದು. ಮೈಕಿನಲ್ಲಿದ್ದ ಹುಡುಗ ಕೂಗಿ ಹೇಳಿದ: "ಹೋಯ್, ಕೇಣಿ! ಇವತ್ತ್ ಅಡ್ಗಿ ಮಾಡ್ದರ್ ಮೊದ್ಲ್ ಉಣ್ಕ್. ಗಂಡಸ್ರ್ ಬಡ್ಸ್ಕ್!"

ನಗುವೋ ನಗು. ಚಾಪೆಯ ಮೇಲೆ ಹೆಂಗಸರ ಸಾಲು, ಎದುರಿಗೆ ಸೌಟು ಹಿಡಿದು ತಬ್ಬಿಬ್ಬಾದ ಗಂಡಸರ ಸಾಲು. ನಮ್ಮ ಮಾವ ಬಗ್ಗಿ, ಕುಚ್ಚಲಕ್ಕಿ ಅನ್ನದ ಮೇಲೆ ಅತ್ತೆಗೆ ಮೀನು ಬಡಿಸಿದರು. ಯಾವ ತುಂಡು ಯಾರಿಗೆ ಎಂಬ ಲೆಕ್ಕ ಪಾಪ ಅವರಿಗೇನು ಗೊತ್ತು? ಕೈಗೆ ಸಿಕ್ಕಿದ ನಡು ತುಂಡನ್ನೇ ಹಾಕಿದರು. ಅತ್ತೆ ಕೈ ಅಡ್ಡ ಹಿಡಿದು, "ಅದ್ ನಂಗ್ ಬ್ಯಾಡ, ಬಾಲ ಹಾಕಿ" ಅಂದರು. ಹಿಂದಿನವರು ಕಾಯುತ್ತಿದ್ದರು, ಮಾವ ಮುಂದೆ ಹೋಗಿಯಾಗಿತ್ತು.

ಅತ್ತೆ ಅಭ್ಯಾಸದಂತೆ ಮುಳ್ಳು ಹುಡುಕುತ್ತ ಮೆಲ್ಲ ಮೆಲ್ಲ ಬಿಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ವಾಲಿ ಗುಟ್ಟು ಹೇಳುವ ಹಾಗೆ, "ಇದ್ರಗೆ ಮುಳ್ಳೇ ಇಲ್ಲ ಕಾಣ್" ಅಂದರು. ನಲವತ್ತೈದು ವರ್ಷ ಆ ಮನೆಯಲ್ಲಿ ಮೀನು ಬೇಯಿಸಿದವರು ಅವರು. ನನಗೆ ತುತ್ತು ಗಂಟಲಲ್ಲಿ ನಿಂತಿತು, ಉಪ್ಪು ಜಾಸ್ತಿಯಾಗಿದ್ದಕ್ಕಲ್ಲ.

ಇದು ಬರೀ ಮನಸ್ಸಿಗೆ ಸಂಬಂಧಿಸಿದ ಮಾತೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇದೆ. ಹತ್ತಿರ ಹತ್ತಿರ ಅರ್ಧದಷ್ಟು! ಮೀನು, ಮಾಂಸದ ಕಬ್ಬಿಣಾಂಶ ಸೊಪ್ಪಿನದ್ದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ, ಕಪ್ಪೆಚಿಪ್ಪಿನಲ್ಲಂತೂ ಅದು ಹೇರಳ. ಬೈಗೆ, ಬಂಗುಡೆಯಂಥ ಅಗ್ಗದ ಮೀನಿನಲ್ಲಿ ಹೃದಯಕ್ಕೆ ಒಳ್ಳೆಯ ಒಮೆಗಾ-3 ಕೊಬ್ಬು ಧಾರಾಳ. ಊಟದ ಹಿಂದೆಯೇ ಚಹಾ ಕುಡಿಯುವ ಅಭ್ಯಾಸವಿದ್ದರೆ ಒಂದು ಗಂಟೆ ತಡೆಯಿರಿ, ಕಬ್ಬಿಣ ಹೀರಿಕೊಳ್ಳುವುದಕ್ಕೆ ಅದು ಅಡ್ಡಿ.

ನಿಮ್ಮ ಅಪಾರ್ಟ್‌ಮೆಂಟಿನಲ್ಲೋ ಬಡಾವಣೆಯಲ್ಲೋ ಇಂಥದ್ದೊಂದು ಮಾಡುವ ಮನಸ್ಸಾದರೆ ಐಸಿಗೆ ಜಿಪುಣತನ ಮಾಡಬೇಡಿ. ಬಂಗುಡೆ, ಬೈಗೆ ಬಿಸಿಲಲ್ಲಿ ಕೂತರೆ ಅದರಲ್ಲಿ ಹಿಸ್ಟಮಿನ್ ಎಂಬ ಅಂಶ ಹೆಚ್ಚುತ್ತದೆ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪೇರಿ, ತಲೆನೋವು, ತುರಿಕೆ ಬಂದರೆ ಕಾರಣ ಅದಿರಬಹುದು, ಡಾಕ್ಟರಿಗೆ ತೋರಿಸಿ. ಕಪ್ಪೆಚಿಪ್ಪನ್ನು ಉಪ್ಪುನೀರಿನಲ್ಲಿ ಕೆಲವು ಗಂಟೆ ನೆನೆಸಿದರೆ ಮರಳು ಬಿಡುತ್ತದೆ. ಬೇಯಿಸಿದ ಮೇಲೂ ಬಾಯಿ ಬಿಡದ ಚಿಪ್ಪನ್ನು ಎಸೆದುಬಿಡಿ. ಸಿಗಡಿ, ಏಡಿ ಯಾರಿಗಾದರೂ ಆಗಿಬರುವುದಿಲ್ಲವೇ ಅಂತ ಮೊದಲೇ ಕೇಳಿ, ಅದಕ್ಕೆ ಸೌಟೂ ಬೇರೆ ಇಡಿ. ಮತ್ತೆ, ಗಂಡಸರಿಂದ ಬಡಿಸುವ ಆಟ ಮರೆಯಬೇಡಿ.

ಬೆಂಗಳೂರಿಗೆ ಬಂದ ಮೇಲೆ ನಾನು ಮಾಡಿದ್ದು ಇಷ್ಟೇ. ಅಂಗಡಿಯವನಿಗೆ "ನಾಲ್ಕು ಜನ, ನಾಲ್ಕು ನಡು ತುಂಡು ಬರೋ ಹಾಗೆ ಕತ್ತರಿಸಿ ಕೊಡಪ್ಪ" ಅನ್ನುತ್ತೇನೆ. ದುಡ್ಡು ಸಾಲದ ವಾರ ಅಂಜಲ್ ಬಿಟ್ಟು ಬಂಗುಡೆ, ತಲೆಗೊಂದು. ಮನೆಯಲ್ಲಿ ಯಾರೂ ಏನೂ ಅಂದಿಲ್ಲ. ಅವರಿಗೆ ಗೊತ್ತೇ ಇರಲಿಲ್ಲವಂತೆ, ನಾನು ಹೇಳಿದ್ದರಲ್ಲವೇ ಗೊತ್ತಾಗುವುದು!

ಮೊನ್ನೆ ಫೋನಿನಲ್ಲಿ ಅತ್ತೆಯನ್ನು ಕೇಳಿದೆ, "ಈ ವಾರ ಎಂತ ಮೀನು?"

"ಕಾಣೆ. ನಿಮ್ಮ್ ಮಾವನಿಗ್ ಬಾಲ ಹಾಕ್ದೆ."

"ಎಂತ ಹೇಳಿದ್ರು?"

"ಎಂತದೂ ಹೇಳ್ಲಿಲ್ಲ. ಮುಳ್ಳ್ ತೆಕ್ಕಂಡ್ ಉಂಬುಕೆ ಸ್ವಲ್ಪ ಹೊತ್ತಾಯ್ತ್, ಅಷ್ಟೇ."